ಮಲೆನಾಡಿನ ಗೋದಾಮಿಗೆ ಬೆಂಗಳೂರಿನ ಆಕಾಶವೇಕೆ?

ಆಲೂರು ಮತ್ತು ಸಕಲೇಶಪುರ ತಾಲ್ಲೂಕುಗಳಲ್ಲಿ ಹೊಸ ಗೋದಾಮು, ಪ್ಯಾಕಿಂಗ್ ಶೆಡ್ಡುಗಳ ನಿರ್ಮಾಣ ಸಾಮಾನ್ಯವಾಗಿ ಬೇಸಗೆಯಲ್ಲಿ ನಡೆಯುತ್ತದೆ. ಕಾಫಿ ಕೊಯ್ಲು ಮುಗಿದು ಕೈಯಲ್ಲಿ ಹಣವಿರುವ, ಮಣ್ಣು ಒಣಗಿ ಲಾರಿ ತೋಟದ ಬಾಗಿಲವರೆಗೂ ಬರುವ ಕಾಲವದು. ಛಾವಣಿಗೆ ಬೆಳಕಿನ ಶೀಟು ಎಷ್ಟು ಹಾಕಬೇಕೆಂಬ ತೀರ್ಮಾನವೂ ಆಗಲೇ, ಮಾರ್ಚ್ ತಿಂಗಳ ಬಿರುಬಿಸಿಲಿನಲ್ಲಿ ನಿಂತು ಆಗುತ್ತದೆ. ಅಂಥ ಬಿಸಿಲಿನಲ್ಲಿ ನಿಂತವರಿಗೆ ನಾಲ್ಕು ಶೀಟೂ ಹೆಚ್ಚೆನಿಸುವುದು ಸಹಜ. ಅದೇ ಕಟ್ಟಡದೊಳಗೆ ಪುನರ್ವಸು ಮಳೆಯ ದಿನಗಳಲ್ಲಿ, ಮಧ್ಯಾಹ್ನ ಮೂರು ಗಂಟೆಗೆ ಮೂಟೆಯ ಮೇಲಿನ ಗುರುತು ಓದಲು ಟಾರ್ಚ್ ಬೇಕಾಗುತ್ತದೆ.

ಈಚಿನ ವರ್ಷಗಳಲ್ಲಿ ಈ ತೀರ್ಮಾನವನ್ನು ಕಣ್ಣಂದಾಜಿಗೆ ಬಿಡದೆ ಕಂಪ್ಯೂಟರ್ ಲೆಕ್ಕಕ್ಕೆ ಒಪ್ಪಿಸುವ ಪದ್ಧತಿ ಬೆಳೆಯತೊಡಗಿದೆ. ಕಟ್ಟಡದ ನಕ್ಷೆಯನ್ನೂ ಸ್ಥಳದ ಹವಾಮಾನ ದಾಖಲೆಯನ್ನೂ ಒಟ್ಟಿಗೆ ಕೊಟ್ಟರೆ, ವರ್ಷದ 8760 ಗಂಟೆಗಳಲ್ಲಿ ಯಾವ ಗಂಟೆಗೆ ಆಕಾಶ ಹೇಗಿದ್ದೀತು, ಕೆಲಸದ ಮೇಜಿನ ಮೇಲೆ ಎಷ್ಟು ಬೆಳಕು ಬಿದ್ದೀತು ಎಂಬುದನ್ನು ತಂತ್ರಾಂಶವು ಅನುಕರಿಸಿ ತೋರಿಸುತ್ತದೆ. ಎಂಜಿನಿಯರುಗಳು ಸಿಮ್ಯುಲೇಷನ್ ಎನ್ನುವುದು ಇದನ್ನೇ. ಇದು ಸ್ವಾಗತಾರ್ಹ ಬೆಳವಣಿಗೆ. ಆದರೆ ಕೆ. ಹೊಸಕೋಟೆ ಹೋಬಳಿಯಂಥ ಪ್ರದೇಶದಲ್ಲಿ ಶೆಡ್ಡು ಕಟ್ಟುವ ವರ್ತಕನು ಇಂಥ ವರದಿಗೆ ಹಣ ತೆರುವ ಮೊದಲು ಎರಡು ಸಂಗತಿಗಳನ್ನು ಕೇಳಿ ತಿಳಿಯುವುದು ಅವಶ್ಯ. ಲೆಕ್ಕಕ್ಕೆ ಬಳಸಿದ ಆಕಾಶ ಯಾವ ಊರಿನದು? ವರದಿಯ ಕೊನೆಯಲ್ಲಿ ಕಾಣುವ ಶೇಕಡಾವಾರು ಅಂಕಿ ಯಾವ ತಿಂಗಳುಗಳ ಕತ್ತಲೆಯನ್ನು ಮುಚ್ಚಿಟ್ಟಿದೆ?

ಹಿಂದಿನ ಪದ್ಧತಿ ಸರಳವಾಗಿತ್ತು. ಹಗಲು ಬೆಳಕಿಗೆ ಸಂಬಂಧಿಸಿದ ಭಾರತೀಯ ಮಾನಕವಾದ ಐಎಸ್ 2440, ಸೂರ್ಯ ದಿಗಂತದಿಂದ 15 ಡಿಗ್ರಿ ಮೇಲಿರುವಾಗಿನ ಶುಭ್ರ ಆಕಾಶವನ್ನು ಆಧಾರವಾಗಿಟ್ಟುಕೊಂಡು ಹೊರಗಿನ ಬೆಳಕನ್ನು 8000 ಲಕ್ಸ್ ಎಂದು ಹಿಡಿಯಿತು. ಅದರ ಶೇ. 1ರಷ್ಟು ಒಳಗಿನ ಮೇಜನ್ನು ಮುಟ್ಟಿದರೆ 80 ಲಕ್ಸ್, ಶೇ. 2ರಷ್ಟು ಮುಟ್ಟಿದರೆ 160 ಲಕ್ಸ್. ಯೂರೋಪಿನವರು ಇದಕ್ಕೆ ಬದಲಾಗಿ ಪೂರ್ತಿ ಮೋಡ ಕವಿದ ಆಕಾಶವನ್ನು ಆರಿಸಿಕೊಂಡರು; ನೆತ್ತಿಯ ಭಾಗ ದಿಗಂತಕ್ಕಿಂತ ಮೂರು ಪಟ್ಟು ಪ್ರಕಾಶವಾಗಿರುವ ಆ ಆಕಾಶವನ್ನು ಅಂತರರಾಷ್ಟ್ರೀಯ ದೀಪನ ಆಯೋಗವು 1955ರಲ್ಲಿ ಅಂಗೀಕರಿಸಿತು. ಎರಡೂ ಕಡೆ ಇಡೀ ವರ್ಷಕ್ಕೆ ಒಂದೇ ಆಕಾಶ. ಆ ಪದ್ಧತಿಯನ್ನು ಹಳೆಯದೆಂದು ತಳ್ಳಿಹಾಕುವಂತಿಲ್ಲ. ಕಾಗದ, ಪೆನ್ಸಿಲ್ ಹಿಡಿದು ಅರ್ಧ ಗಂಟೆಯಲ್ಲಿ ಮುಗಿಯುವ ಲೆಕ್ಕ ಅದಾಗಿತ್ತು, ಅದನ್ನು ನೆಚ್ಚಿ ಕಟ್ಟಿದ ಶಾಲೆ ಕಾರ್ಖಾನೆಗಳು ದೇಶದ ತುಂಬ ಇವೆ.

ಹೊಸ ಪದ್ಧತಿಯು ಒಂದು ಆಕಾಶದ ಜಾಗದಲ್ಲಿ ಸಾವಿರಾರು ಆಕಾಶಗಳನ್ನು ಇಡುತ್ತದೆ. ಹವಾಮಾನದ ಕಡತದಲ್ಲಿ ಆಕಾಶದ ಚಿತ್ರವೇನೂ ಇರುವುದಿಲ್ಲ. ಪ್ರತಿ ಗಂಟೆಗೆ ನೇರ ಬಿಸಿಲು ಇಷ್ಟು, ಮೋಡ ಮತ್ತು ಗಾಳಿಯಿಂದ ಚದುರಿ ಬಂದ ಬೆಳಕು ಇಷ್ಟು ಎಂಬ ಅಂಕಿಗಳು ಮಾತ್ರ ಇರುತ್ತವೆ. ಆ ಅಂಕಿಗಳಿಂದ ಆಕಾಶದ ಯಾವ ಭಾಗ ಎಷ್ಟು ಪ್ರಕಾಶವಾಗಿದ್ದಿರಬೇಕು ಎಂದು ಊಹಿಸುವ ಸೂತ್ರವನ್ನು ರಿಚರ್ಡ್ ಪೆರೆಜ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದರು. ಬಳಿಕ ಆಕಾಶದ ಗುಮ್ಮಟವನ್ನು 145 ತುಂಡುಗಳಾಗಿ ವಿಂಗಡಿಸಿ, ಪ್ರತಿಯೊಂದು ತುಂಡಿನಿಂದ ಮೇಜಿಗೆ ಸಲ್ಲುವ ಪಾಲನ್ನು ಒಮ್ಮೆ ಮಾತ್ರ ಲೆಕ್ಕಹಾಕಿಟ್ಟುಕೊಂಡರೆ, ಉಳಿದದ್ದು ಬರೀ ಗುಣಾಕಾರ, ಸಂಕಲನ. ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ಗ್ರೆಗ್ ವಾರ್ಡ್ ಅವರು ಬೆಳೆಸಿದ ರೇಡಿಯನ್ಸ್ ಎಂಬ ತಂತ್ರಾಂಶ ಇಂಥ ಲೆಕ್ಕಗಳಿಗೆ ತಳಹದಿಯಾಗಿದೆ. ಅದು ಇಂದು ಉಚಿತವಾಗಿಯೇ ದೊರೆಯುತ್ತದೆ. ಆದ್ದರಿಂದ ಸಲಹೆಗಾರನಿಗೆ ಕೊಡುವ ಹಣ ಬಹುಮಟ್ಟಿಗೆ ಅವನ ಸಮಯಕ್ಕೂ ವಿವೇಚನೆಗೂ ಸಲ್ಲುವಂಥದು. ವಿವೇಚನೆ ಬೇಕಾಗುವುದು ಮೊಟ್ಟಮೊದಲು ಹವಾಮಾನದ ಕಡತವನ್ನು ಆರಿಸುವಲ್ಲಿ.

ಈ ಕಡತಗಳಲ್ಲಿ ಇರುವುದು ಯಾವುದೋ ಒಂದು ನಿಜವಾದ ವರ್ಷವಲ್ಲ. ಹಲವು ವರ್ಷಗಳ ದಾಖಲೆಯಿಂದ ಅತ್ಯಂತ ಸಾಮಾನ್ಯವೆನಿಸುವ ಜನವರಿಯನ್ನು ಒಂದು ವರ್ಷದಿಂದ, ಫೆಬ್ರುವರಿಯನ್ನು ಮತ್ತೊಂದರಿಂದ ಹೀಗೆ ಆರಿಸಿ, ಹನ್ನೆರಡು ತಿಂಗಳನ್ನು ಹೊಲಿದು ಮಾಡಿದ ಮಾದರಿ ವರ್ಷ ಅದು. ಭಾರತದಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಇಶ್ರೇ ಸಿದ್ಧಪಡಿಸಿದ 58 ಊರುಗಳ ಕಡತಗಳು. ಆ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದವು ನಾಲ್ಕು: ಬೆಂಗಳೂರು, ಮಂಗಳೂರು, ಬೆಳಗಾವಿ, ಚಿತ್ರದುರ್ಗ. ಮಲೆನಾಡಿನ ಹೃದಯಭಾಗದ ಒಂದು ಊರೂ ಅದರಲ್ಲಿರಲಿಲ್ಲ. ಹಾಸನ ಜಿಲ್ಲೆಯ ಕೆಲಸಕ್ಕೆ ಬೆಂಗಳೂರಿನ ಕಡತವನ್ನೇ ತೆರೆಯುವುದು ಸುಲಭದ ದಾರಿ. ಎತ್ತರ ಹೆಚ್ಚುಕಡಿಮೆ ಒಂದೇ, ಅಕ್ಷಾಂಶವೂ ಒಂದೇ, ಸುಮಾರು 13 ಡಿಗ್ರಿ. ಸೂರ್ಯನ ದಾರಿ ಎರಡೂ ಕಡೆ ಒಂದೇ ಆದರೂ ಅವನ ಕೆಳಗಿನ ಮೋಡ ಒಂದೇ ಅಲ್ಲ. ಬೆಂಗಳೂರು ಘಟ್ಟದ ಮಳೆ ನೆರಳಿನಲ್ಲಿರುವ ಊರು. ಅಲ್ಲಿ ಹೆಚ್ಚು ಮಳೆಯಾಗುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ, ಅದೂ ಬಹುಪಾಲು ಸಂಜೆ ಮತ್ತು ರಾತ್ರಿ. ಕೆ. ಹೊಸಕೋಟೆಯ ಸುತ್ತಿನ ಗುಡ್ಡಗಳಿಗೆ ಆರಿದ್ರೆಯಿಂದ ಆಶ್ಲೇಷೆಯವರೆಗೆ ಕವಿಯುವ ಮೋಡದ ಪರಿಚಯ ಆ ಕಡತಕ್ಕೆ ಇಲ್ಲ. ಮಂಗಳೂರಿನ ಕಡತ ಮುಂಗಾರಿನ ಮಟ್ಟಿಗೆ ಹತ್ತಿರ ಬಂದರೂ ಅದು ಕಡಲ ಮಟ್ಟದ ಊರು. ಡಿಸೆಂಬರ್ ಬೆಳಿಗ್ಗೆ ಕಣಿವೆಯಲ್ಲಿ ಮಂಜು ಕೂತು, ಕಾಫಿ ಕಣದಲ್ಲಿ ಹರವಿದ ಬೀಜಕ್ಕೆ ಬಿಸಿಲು ತಡವಾಗುವ ಸಂಗತಿ ಅದಕ್ಕೆ ಗೊತ್ತಿಲ್ಲ.

ಮಳೆಯ ವಿಷಯದಲ್ಲಿ ಈ ಸೀಮೆಯವರಷ್ಟು ಲೆಕ್ಕವಿಟ್ಟವರು ವಿರಳ. ಮಳೆಮಾಪಕವಿಲ್ಲದ ಕಾಫಿ ಎಸ್ಟೇಟ್ ಇಲ್ಲವೆನ್ನಬಹುದು. ಅಜ್ಜನ ಕಾಲದಿಂದ ಇಂಚು, ಸೆಂಟುಗಳಲ್ಲಿ ಬರೆದಿಟ್ಟ ಪುಸ್ತಕಗಳು ಎಷ್ಟೋ ಮನೆಗಳಲ್ಲಿವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೇ ಮಳೆ ಅಳೆಯುತ್ತಿದೆ. ಇಷ್ಟೊಂದು ಮಳೆ ದಾಖಲೆಯಿರುವಾಗ ಬೆಳಕಿನ ಲೆಕ್ಕಕ್ಕೆ ಕೊರತೆಯೇನು ಎಂದು ಕೇಳುವವರಿದ್ದಾರೆ. ಮಳೆಯ ಅಳತೆಯಿಂದ ಬೆಳಕನ್ನು ಹೇಳಲಾಗದು. ರಾತ್ರಿಯೆಲ್ಲ ನಾಲ್ಕು ಇಂಚು ಸುರಿದು ಹಗಲು ತೆರವಾಗುವುದುಂಟು. ಒಂದು ಹನಿಯೂ ಬೀಳದೆ ದಿನವಿಡೀ ದೀಪ ಹಚ್ಚಿಸುವ ಮೋಡವೂ ಉಂಟು. ಮಳೆ ಪುಸ್ತಕದಲ್ಲಿ ಅಂಥ ದಿನದ ಎದುರು ಸೊನ್ನೆ ಇರುತ್ತದೆ. ಇಷ್ಟಲ್ಲದೆ ಸಕಲೇಶಪುರದ ಪಶ್ಚಿಮಕ್ಕೆ ಘಟ್ಟದ ಅಂಚಿನಿಂದ ಹಾಸನದ ಕಡೆಗೆ ಬರುತ್ತ ಮಳೆ ಮೈಲಿಗೊಮ್ಮೆ ಎಂಬಂತೆ ಇಳಿಯುತ್ತದೆ. ಅಷ್ಟು ಕಿರಿದಾದ ಪಟ್ಟಿಯಲ್ಲಿ ಆಕಾಶವೂ ಊರಿಂದೂರಿಗೆ ಬೇರೆಯಾಗುತ್ತದೆಂಬುದು ನೂರೈವತ್ತು ಕಿಲೋಮೀಟರಿಗೂ ಆಚೆ ಕುಳಿತವರಿಗೆ ಸುಲಭವಾಗಿ ಹೊಳೆಯುವುದಿಲ್ಲ.

ಇದರಿಂದ ಏನು ನಷ್ಟ ಎಂಬುದನ್ನು ಒಂದು ಶೆಡ್ಡಿನ ಒರಟು ಲೆಕ್ಕದಿಂದ ತಿಳಿಯಬಹುದು. 60 ಅಡಿ ಉದ್ದ, 40 ಅಡಿ ಅಗಲ, 15 ಅಡಿ ಎತ್ತರದ ಸಾಮಾನ್ಯ ಶೆಡ್ಡು. ಛಾವಣಿಯ ಹತ್ತನೆಯ ಒಂದು ಭಾಗ, ಅಂದರೆ 240 ಚದರ ಅಡಿ, ಬೆಳಕಿನ ಶೀಟು. ಶೀಟು ತಕ್ಕಮಟ್ಟಿಗೆ ಚೊಕ್ಕಟವಾಗಿದ್ದರೆ ಹೊರಗಿನ ಆಕಾಶದ ಬೆಳಕಿನಲ್ಲಿ ಸುಮಾರು ಶೇ. 2ರಷ್ಟು ಒಳಗಿನ ಮೇಜಿಗೆ ಬರುತ್ತದೆ. ಮೋಡದ ಆಕಾಶದಲ್ಲಿ ಚದರ ಮೀಟರಿಗೆ ಒಂದು ವ್ಯಾಟ್ ವಿಕಿರಣವೆಂದರೆ ಸುಮಾರು 110 ಲಕ್ಸ್ ಬೆಳಕು. ಜುಲೈನ ಮೋಡದ ಮಧ್ಯಾಹ್ನ ಹೊರಗೆ 100 ವ್ಯಾಟ್ ಇದ್ದರೆ 11,000 ಲಕ್ಸ್; ಒಳಗೆ 220. ಮೂಟೆ ಹೊಲಿಯಲು, ತೂಕ ಮಾಡಲು ಧಾರಾಳವಾಯಿತು. ಮೋಡ ದಟ್ಟವಾಗಿ 40 ವ್ಯಾಟಿಗೆ ಇಳಿದರೆ ಒಳಗೆ 90 ಲಕ್ಸೂ ಇಲ್ಲ. ಕಾಳುಮೆಣಸಿನಲ್ಲಿ ಜೊಳ್ಳು, ಕಾಫಿಯಲ್ಲಿ ಕಪ್ಪು ಬೀಜ ಆರಿಸುವಂಥ ಕಣ್ಣಿನ ಕೆಲಸಕ್ಕೆ ಸಾಮಾನ್ಯವಾಗಿ ಹೇಳುವ 500 ಲಕ್ಸ್ ಈ ಎರಡೂ ಹೊತ್ತಿನಲ್ಲಿ ಕನಸಿನ ಮಾತು.

ಹಾಗಾದರೆ ಶೀಟನ್ನು ಎರಡರಷ್ಟು ಮಾಡಿದರಾಯಿತು ಎಂಬ ಉತ್ತರ ಫೆಬ್ರುವರಿಯಲ್ಲಿ ದುಬಾರಿಯಾಗುತ್ತದೆ. ಆ ತಿಂಗಳ ನಡುಹಗಲು ಚದರ ಮೀಟರಿಗೆ 850 ವ್ಯಾಟ್ ಬಿಸಿಲು ಬಿದ್ದರೆ, ಮೊದಲಿನ 240 ಚದರ ಅಡಿ ಶೀಟಿನಿಂದಲೇ, ಅರ್ಧದಷ್ಟು ಒಳಗಿಳಿಯುತ್ತದೆಂದು ಹಿಡಿದರೂ, ಒಂಬತ್ತು ಕಿಲೋವ್ಯಾಟಿಗೂ ಮಿಕ್ಕ ಶಾಖ ಬರುತ್ತದೆ. ಒಂದು ಕಿಲೋವ್ಯಾಟಿನ ಒಂಬತ್ತು ಹೀಟರುಗಳನ್ನು ಶೆಡ್ಡಿನಲ್ಲಿ ಹಚ್ಚಿಟ್ಟ ಹಾಗೆ. ಅದನ್ನು ಇಮ್ಮಡಿ ಮಾಡಿದರೆ ಒಳಗೆ ದುಡಿಯುವವರ ಪಾಡೂ, ಹದ ಕಾಯ್ದು ಶೇಖರಿಸಿದ ಸರಕಿನ ಪಾಡೂ ಕೇಳುವಂತಿಲ್ಲ. ಶೀಟಿನ ಪ್ರಮಾಣವನ್ನು ಯಾವುದೋ ಒಂದು ದಿನದ ಮೇಲೆ ನಿರ್ಧರಿಸಲಾಗದು, ಇಡೀ ವರ್ಷದ ಲೆಕ್ಕ ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಪಾಚಿಯ ಮಾತನ್ನೂ ಇಲ್ಲಿಯೇ ಹೇಳಬೇಕು. ಶೀಟಿನ ಮಾರಾಟಗಾರರು ಹೇಳುವ ಪಾರದರ್ಶಕತೆ ಹೊಸ ಶೀಟಿನದು. ಮರದ ನೆರಳಿರುವ, ತಿಂಗಳುಗಟ್ಟಲೆ ಒದ್ದೆಯಾಗಿರುವ ಛಾವಣಿಯಲ್ಲಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಸಿರು ಹತ್ತಿರುತ್ತದೆ. ಬೆಳಕು ಅರ್ಧಕ್ಕಿಳಿದರೆ ಮೇಲಿನ ಲೆಕ್ಕದ 220 ಲಕ್ಸ್ 110 ಆಗುತ್ತದೆ. 1948ರ ಕಾರ್ಖಾನೆ ಕಾಯಿದೆಯ 17ನೆಯ ಕಲಮು, ಬೆಳಕಿಗಾಗಿ ಇಟ್ಟ ಕಿಟಕಿ ಮತ್ತು ಛಾವಣಿಯ ಗಾಜುಗಳನ್ನು ಒಳಗೂ ಹೊರಗೂ ಶುಚಿಯಾಗಿಡಬೇಕೆಂದು ವಿಧಿಸಿತ್ತು. ಇನ್‌ಸ್ಪೆಕ್ಟರ ಭಯಕ್ಕಾಗಿ ಪಾಲಿಸಬೇಕಾದ ವಿಧಿಯೆಂದು ಅನೇಕರು ಅದನ್ನು ಭಾವಿಸಿದ್ದುಂಟು. ಮಲೆನಾಡಿನಲ್ಲಿ ಅದು ಲಾಭನಷ್ಟದ ಮಾತು. ಲೆಕ್ಕ ಮಾಡುವವರಿಗೆ ಪಾಚಿ ಹಿಡಿದ ಶೀಟಿನ ಅಂಕಿಯನ್ನೇ ಕೊಡುವುದು ಪ್ರಾಮಾಣಿಕತೆ. ಏಣಿ ಹಾಕಿ ಏರಲು ಬಾರದಂತೆ ಶೀಟು ಜೋಡಿಸುವುದು ಅವಿವೇಕ.

ಇನ್ನು ಶೇಕಡಾವಾರು ಅಂಕಿಯ ವಿಷಯ. ಅಮೆರಿಕದ ದೀಪನ ಎಂಜಿನಿಯರುಗಳ ಸಂಘವು 2012ರಲ್ಲಿ ಹೊರತಂದ, ಇಂದು ಬಹಳಷ್ಟು ವರದಿಗಳಲ್ಲಿ ಕಾಣುವ ಅಳತೆಗೋಲು ಹೀಗಿದೆ: ಬೆಳಿಗ್ಗೆ 8ರಿಂದ ಸಂಜೆ 6ರವರೆಗಿನ ವಾರ್ಷಿಕ ಗಂಟೆಗಳಲ್ಲಿ ಕನಿಷ್ಠ ಅರ್ಧದಷ್ಟು ಗಂಟೆ, ವಿದ್ಯುದ್ದೀಪವಿಲ್ಲದೆ 300 ಲಕ್ಸ್ ದೊರೆತರೆ ಆ ಜಾಗ ತೇರ್ಗಡೆ. ವರ್ಷವೆಲ್ಲ ಸಮನಾಗಿ ಮೋಡ, ಬಿಸಿಲು ಹಂಚಿಕೊಂಡ ಊರಿಗೆ ಇದು ಒಪ್ಪುವ ಅಳತೆ. ಮಲೆನಾಡಿಗೆ ಅನ್ವಯಿಸಿದರೆ ಏನಾಗುತ್ತದೆಂದು ಗಮನಿಸಬೇಕು. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ 122 ದಿನಗಳು, ವರ್ಷದ ಮೂರನೆಯ ಒಂದು ಭಾಗ. ಆ ನಾಲ್ಕು ತಿಂಗಳು ಶೆಡ್ಡಿನೊಳಗೆ ಒಂದು ಗಂಟೆಯೂ ಸಾಕಷ್ಟು ಬೆಳಕಿರಲಿಲ್ಲವೆಂದೇ ಇಟ್ಟುಕೊಂಡರೂ ಉಳಿದ ಎಂಟು ತಿಂಗಳ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು ಗಂಟೆಗಳು ಶೇ. 50ರ ಗಡಿ ದಾಟಿಸಲು ಸಾಕು. ಮಳೆಗಾಲವಿಡೀ ಕತ್ತಲಲ್ಲಿರುವ ಕಟ್ಟಡಕ್ಕೆ ಉತ್ತಮ ದರ್ಜೆಯ ಪ್ರಮಾಣಪತ್ರ! 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು ಈ ವಿಷಯದಲ್ಲಿ ಬಿಗಿಯಾಗಿತ್ತು. ಹಗಲು ದೊರೆಯುವ ಗಂಟೆಗಳ ಶೇ. 90ರಲ್ಲಿ 100ರಿಂದ 2000 ಲಕ್ಸ್ ಒಳಗಿನ ಉಪಯುಕ್ತ ಬೆಳಕು ಇರಬೇಕೆಂದಿತು. ಆದರೆ ಅದು ದೊಡ್ಡ ವಾಣಿಜ್ಯ ಕಟ್ಟಡಗಳಿಗಾಗಿ ಬರೆದದ್ದು, ಹೋಬಳಿಯ ಗೋದಾಮಿಗೆ ಸಂಬಂಧಪಡದು.

ಬೆಳಕಿನ ಕೊರತೆ ವರ್ಷದ ಉದ್ದಕ್ಕೂ ದಿನಕ್ಕೆ ಅರ್ಧ ಗಂಟೆಯಂತೆ ಹರಡಿಕೊಂಡಿದ್ದರೆ ಯಾವ ವರ್ತಕನೂ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಇಲ್ಲಿ ಅದು ಒಂದೇ ಗಂಟಾಗಿ ಬರುತ್ತದೆ. ಮರ ಬಿದ್ದು ತಂತಿ ಹರಿದು ಕರೆಂಟು ಕೈಕೊಡುವುದೂ ಅದೇ ತಿಂಗಳುಗಳಲ್ಲಿ. ಜನರೇಟರಿಗೆ ಡೀಸೆಲ್ ಸುರಿಯುವುದೂ ಆಗಲೇ. ಆದುದರಿಂದ ವರದಿಯಲ್ಲಿ ವಾರ್ಷಿಕ ಅಂಕಿಯೊಂದೇ ಇದ್ದರೆ ಅದನ್ನು ಒಪ್ಪಿಕೊಳ್ಳಬಾರದು. ತಿಂಗಳು ಅಡ್ಡಕ್ಕೆ, ಗಂಟೆ ಉದ್ದಕ್ಕೆ ಇಟ್ಟ ಬಣ್ಣದ ನಕ್ಷೆಯೊಂದನ್ನು ಇದೇ ತಂತ್ರಾಂಶಗಳು ಹೆಚ್ಚಿನ ಶ್ರಮವಿಲ್ಲದೆ ಕೊಡುತ್ತವೆ. ಓದಲು ಬಾರದವನಿಗೂ ಅದರ ನಡುವಿನ ಕಪ್ಪು ಪಟ್ಟಿ ಕಾಣುತ್ತದೆ.

ಎಂಟರಿಂದ ಆರರ ಗಂಟೆಗಳೂ ಈ ಸೀಮೆಗೆ ಹೊಂದುವಂಥವಲ್ಲ. ಆಲೂರು, ಸಕಲೇಶಪುರದ ಆನೆ ಸಮಸ್ಯೆಯನ್ನು ಕರ್ನಾಟಕ ಆನೆ ಕಾರ್ಯಪಡೆಯು 2012ರ ವರದಿಯಲ್ಲಿಯೇ ವಿಸ್ತಾರವಾಗಿ ಚರ್ಚಿಸಿತ್ತು. ಇಂದಿಗೂ ಅದು ತೀರಿಲ್ಲ. ತೋಟದ ದಾರಿಯಲ್ಲಿ ನಡೆದು ಬರುವ ಕೆಲಸದವರು ಬೆಳಗಿನ ಮಂಜು ತಿಳಿಯಾಗುವ ಮುನ್ನ ಹೊರಡಲಾರರು, ಕತ್ತಲಾಗುವ ಮುನ್ನ ಮನೆ ಸೇರಬೇಕು. ಗಡಿಯಾರವೂ ಇಲ್ಲಿ ಸ್ವಲ್ಪ ಮುಂದಿದೆ. ಭಾರತದ ಕಾಲಮಾನ 82.5 ಡಿಗ್ರಿ ರೇಖಾಂಶದ್ದು. ಈ ಗುಡ್ಡಗಳು 76ರ ಆಸುಪಾಸಿನಲ್ಲಿರುವುದರಿಂದ ಸೂರ್ಯನ ನಡುಹಗಲು ಸರಾಸರಿ ಹನ್ನೆರಡು ಗಂಟೆ ಇಪ್ಪತ್ತಾರು ನಿಮಿಷಕ್ಕೆ. ಶೆಡ್ಡಿನ ನಿಜವಾದ ಪಾಳಿಯ ವೇಳೆಯನ್ನು ಕೊಟ್ಟು ಲೆಕ್ಕ ಮಾಡಿಸಿದರೆ ಉತ್ತರ ಬೇರೆಯೇ ಬರುತ್ತದೆ.

ಉತ್ತರ ದಿಕ್ಕಿನ ಕಿಟಕಿಯ ಬಗ್ಗೆಯೂ ಒಂದು ಮಾತು. ಉತ್ತರದಿಂದ ಬಿಸಿಲು ಬಾರದು, ಬಣ್ಣ ನೋಡಿ ಆರಿಸುವ ಕೆಲಸಕ್ಕೆ ಆ ಬೆಳಕೇ ಶ್ರೇಷ್ಠ ಎಂಬ ನಿಯಮ ಇಂಗ್ಲೆಂಡಿನ ಗಿರಣಿಗಳಿಂದ ಬಂದದ್ದು. 13 ಡಿಗ್ರಿ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ಉತ್ತರದ ಕಡೆಗೇ ಇರುತ್ತಾನೆ. ಪುಸ್ತಕದ ಪ್ರಕಾರ ನಿಯಮ ಮುರಿದುಬಿತ್ತು. ಮೋಡದ ದಾಖಲೆಯನ್ನು ಸೇರಿಸಿ ನೋಡಿದರೆ ಜೂನ್ ನಂತರ ಬಿಸಿಲೇ ಅಪರೂಪ, ತೊಂದರೆ ಮೇ ತಿಂಗಳದ್ದು ಮಾತ್ರ. ಒಂದೂವರೆ ಅಡಿ ಸೂರು ಚಾಚಿದರೆ ಅದೂ ಬಹುಮಟ್ಟಿಗೆ ತೀರುತ್ತದೆ. ಹವಾಮಾನದ ಲೆಕ್ಕ ಹಳೆಯ ನಿಯಮವನ್ನು ಕೆಡವುದಷ್ಟೇ ಅಲ್ಲ, ಕೆಲವೊಮ್ಮೆ ಉಳಿಸಿಯೂ ಕೊಡುತ್ತದೆ.

ಎರಡು ಸಾವಿರ ಚದರ ಅಡಿಯ ಶೆಡ್ಡಿಗೆ ಇಷ್ಟೆಲ್ಲ ಏತಕ್ಕೆ, ನಾಲ್ಕು ಎಲ್‌ಇಡಿ ದೀಪ ಹಾಕಿದರಾಗದೆ ಎಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಎಲ್‌ಇಡಿ ಅಗ್ಗವಾದ ಮೇಲೆ ಬೆಳಕಿನ ಬಿಲ್ಲು ಇಳಿದಿರುವುದು ನಿಜ. ಒಬ್ಬನೇ ಮಾಲೀಕ ತನ್ನೊಂದು ಶೆಡ್ಡಿಗಾಗಿ ಸಲಹೆಗಾರನನ್ನು ಕರೆಸುವುದು ಲಾಭದಾಯಕವಲ್ಲ ಎಂಬುದನ್ನೂ ಒಪ್ಪಬೇಕು. ಆದರೆ ಈ ಸೀಮೆಯ ಶೆಡ್ಡುಗಳು ಅಳತೆಯಲ್ಲಿ ಒಂದನ್ನೊಂದು ಹೋಲುತ್ತವೆ. ಎರಡು ಮೂರು ಮಾದರಿಗಳಿಗೆ ಸಂಘದ ಮೂಲಕ ಒಮ್ಮೆ ಲೆಕ್ಕ ಮಾಡಿಸಿ, ಶೀಟು ಇಷ್ಟು, ಸೂರು ಇಷ್ಟು, ದೀಪ ಇಷ್ಟು ಎಂದು ಅಚ್ಚುಮಾಡಿ ಹಂಚಿದರೆ ಹತ್ತು ವರ್ಷ ಎಲ್ಲರಿಗೂ ಬಳಕೆಗೆ ಬರುತ್ತದೆ. ಅದೇ ಹವಾಮಾನದ ಕಡತ ಛಾವಣಿಯ ಸೌರ ಫಲಕಕ್ಕೂ ಮೆಣಸು ಒಣಗಿಸುವ ಪಾಲಿಹೌಸಿಗೂ ಬೇಕಾಗುವಂಥದು. ಬೆಂಗಳೂರಿನ ಬಿಸಿಲಿನ ಮೇಲೆ ಲೆಕ್ಕಹಾಕಿದ ಸೌರ ಫಲಕದ ಉತ್ಪಾದನೆಯನ್ನು ನಂಬಿ ಬ್ಯಾಂಕಿನ ಕಂತು ನಿಗದಿಪಡಿಸಿಕೊಂಡವನಿಗೆ ಜುಲೈ ತಿಂಗಳು ಪಾಠ ಕಲಿಸುತ್ತದೆ.

ಕಡತ ಎಲ್ಲಿಂದ ತರಬೇಕು ಎಂಬುದಕ್ಕೆ ಇಂದು ಉತ್ತರವಿದೆ. ಉಪಗ್ರಹದ ಚಿತ್ರಗಳಿಂದ ಮೋಡವನ್ನು ಲೆಕ್ಕಹಾಕಿ, ಯಾವುದೇ ಅಕ್ಷಾಂಶ ರೇಖಾಂಶಕ್ಕೆ ಗಂಟೆವಾರು ವಿಕಿರಣ ಹೇಳುವ ಸೇವೆಗಳಿವೆ. ಯೂರೋಪಿಯನ್ ಕಮಿಷನ್ನಿನ ಪಿವಿಜಿಐಎಸ್ ಅವುಗಳಲ್ಲೊಂದು, ಉಚಿತವೂ ಹೌದು. ಬೆಂಗಳೂರಿನ ಕಡತಕ್ಕಿಂತ ಇದು ಎಷ್ಟೋ ಮೇಲು. ಹಾಗೆಂದು ಕಣ್ಣುಮುಚ್ಚಿ ಒಪ್ಪುವುದೂ ತರವಲ್ಲ. ಉಪಗ್ರಹ ಮೋಡದ ಬೆನ್ನನ್ನು ನೋಡುತ್ತದೆ, ಶೆಡ್ಡು ಅದರ ಹೊಟ್ಟೆಯ ಕೆಳಗಿರುತ್ತದೆ. ಕಣಿವೆಯ ಮಂಜು, ಗುಡ್ಡದ ಮರೆ ಅದಕ್ಕೆ ಸರಿಯಾಗಿ ತಿಳಿಯದು. ಪೆರೆಜ್ ಸೂತ್ರ ಕೂಡ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯ ಆಕಾಶ ನೋಡಿ ರೂಪಿಸಿದ್ದು. ನೆಲದ ಮೇಲಿನ ಒಂದು ಅಳತೆ ಜೊತೆಗಿದ್ದರೆ ಮಾತ್ರ ಇವನ್ನು ತಿದ್ದಿಕೊಳ್ಳಲು ಸಾಧ್ಯ.

ಅಂಥ ಅಳತೆಯ ಪರಂಪರೆ ಈ ದೇಶಕ್ಕೆ ಹೊಸದಲ್ಲ. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಸಂದರ್ಭದಲ್ಲಿ ಸೌರ ವಿಕಿರಣ ಕೇಂದ್ರಗಳ ಜಾಲವನ್ನು ಕಟ್ಟಿದವರು ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಬಳಿ ಪಳಗಿದ ಅನ್ನಾ ಮಣಿ. 1980ರಲ್ಲಿ ಪ್ರಕಟವಾದ ಅವರ ಸೌರ ವಿಕಿರಣ ಕೈಪಿಡಿ ಎಂಜಿನಿಯರುಗಳಿಗೆ ಆಕರವಾಯಿತು. ನಿವೃತ್ತಿಯ ಬಳಿಕ ಅವರು ಬೆಂಗಳೂರಿನಲ್ಲಿಯೇ ಇಂಥ ಮಾಪಕಗಳನ್ನು ತಯಾರಿಸುವ ಸಣ್ಣ ಕಾರ್ಖಾನೆ ನಡೆಸಿದರು ಎಂಬುದು ಈ ಪತ್ರಿಕೆಯ ಓದುಗರಿಗೆ ಇಷ್ಟವಾಗುವ ಸಂಗತಿ.

ಜಿಲ್ಲೆಯ ವಾಣಿಜ್ಯ ಸಂಘವೂ ಬೆಳೆಗಾರರ ಸಂಘಗಳೂ ಕೂಡಿ ಎರಡು ಪೈರನೋಮೀಟರುಗಳನ್ನು ಕೊಳ್ಳುವುದು ಅಸಾಧ್ಯವೇನಲ್ಲ. ಒಂದನ್ನು ಸಕಲೇಶಪುರದ ಬಳಿ ದೋಣಿಗಾಲ್‌ನಲ್ಲಿರುವ ಭಾರತೀಯ ಏಲಕ್ಕಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಂಥ ಸ್ಥಳದಲ್ಲಿ, ಒಪ್ಪಿಗೆ ದೊರೆತರೆ, ಇಡಬಹುದು, ಇನ್ನೊಂದನ್ನು ಕೆ. ಹೊಸಕೋಟೆಯಲ್ಲಿ, ಸುತ್ತ ಮರವಿಲ್ಲದ ಒಂದು ತಾರಸಿಯ ಮೇಲೆ. ಎಸ್ಟೇಟಿನವರು ಮಳೆ ಪುಸ್ತಕದಲ್ಲಿ ಇನ್ನೊಂದು ಕಾಲಂ ಎಳೆದು, ಸಾಧಾರಣ ಲಕ್ಸ್ ಮೀಟರಿನಿಂದ ಬೆಳಿಗ್ಗೆ ಹತ್ತಕ್ಕೂ ಮಧ್ಯಾಹ್ನ ಮೂರಕ್ಕೂ ಬಯಲಿನ ಬೆಳಕನ್ನು ಬರೆದಿಟ್ಟರೆ ಮೂರು ಮುಂಗಾರು ಕಳೆಯುವಷ್ಟರಲ್ಲಿ ಉಪಗ್ರಹದ ಅಂಕಿಗಳನ್ನು ಒರೆಗೆ ಹಚ್ಚುವಷ್ಟು ದಾಖಲೆಯಾಗುತ್ತದೆ. ಪೈರನೋಮೀಟರಿನ ಗಾಜಿನ ಬುರುಡೆಯನ್ನು ಮಾತ್ರ ದಿನವೂ ಒರೆಸಬೇಕು, ಇಲ್ಲವಾದರೆ ಅದಕ್ಕೂ ಪಾಚಿ ಹಿಡಿಯುತ್ತದೆ. ಯಂತ್ರಕ್ಕೆ ಆರ್ಡರು ಕೊಡುವ ಮೊದಲೇ, ಮಳೆಯಲ್ಲಿ ತಾರಸಿ ಹತ್ತಿ ಅದನ್ನು ಒರೆಸುವವರು ಯಾರು, ಅವರ ಸಂಬಳ ಯಾವ ಲೆಕ್ಕದಿಂದ ಎಂಬುದನ್ನು ಸಂಘದ ಸಭೆಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು.